ಕಪ್ಪುಕುಳಿಯನ್ನು ತಟ್ಟಿ ನೋಡಿದ ಕನ್ನಡಿಗ

(ಕನ್ನಡ ಕೂಟದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸಮಿತಿಯವರು ನಮ್ಮನ್ನು ಮಾತನಾಡಲು ಕರೆದಾಗ ಅವರ ಮನಸ್ಸಿನಲ್ಲಿದ್ದ ವಿಷಯ ಮಧುಮೇಹ. ವೈದ್ಯರನ್ನು ವೇದಿಕೆಗೆ ಹತ್ತಿಸಿದರೆ ಸಕ್ಕರೆ, ಉಪ್ಪು, ಕೊಲೆಸ್ಟರಾಲ್ ಇವುಗಳನ್ನು ಬಿಟ್ಟು ಬೇರೇನನ್ನು ನಿರೀಕ್ಷಿಸಲು ಸಾಧ್ಯ? ಆದರೆ ಹೋಳಿಗೆ ಊಟಕ್ಕೆ ಮುಂಚೆ ಆ ವಿಷಯವನ್ನು ಎತ್ತುವುದು ಅಡಿಗೆ ಮಾಡಿದವರಿಗೆ ಅಪಚಾರವೆಸಗಿದಂತೆ ಎಂದು ವಿನಂತಿಸಿಕೊಂಡು, ನಾವು ಇನ್ನೊಂದು ವಿಷಯವನ್ನು ಆರಿಸಿಕೊಂಡೆವು. ಅದು ಗುರುತ್ವಾಕರ್ಷಣೆ, ಕಪ್ಪುಕುಳಿಗಳು ಮತ್ತು ಅವುಗಳ ನಾದ. ನಾವು ಭೌತವಿಜ್ಞಾನಿಗಳಲ್ಲ. ಈ ವಿಷಯದಲ್ಲಿ ನಮಗಿರುವುದು ಓದಿ ತಿಳಿದ ಜ್ಞಾನ ಮಾತ್ರ. ತಪ್ಪಿದ್ದರೆ ತಿಳಿದವರು ತಿದ್ದಬೇಕೆಂದು ಮೊದಲೇ ಪ್ರಾರ್ಥಿಸುತ್ತೇವೆ.

ವೈದ್ಯನಿಗೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗ. ನಮ್ಮ ಹಿರಿಯ ಮಗಳು ಕಾಲೇಜಿನ ಮೂರನೆಯ ವರ್ಷದಲ್ಲಿದ್ದಳು. ಅವಳು ವೈದ್ಯಕೀಯ ಶಿಕ್ಷಣದತ್ತಲೇ ಹೋಗುತ್ತಾಳೆ ಎಂದು ನಾವು ಬಹಳ ಹಿಂದೆಯೇ ನಿರ್ಧರಿಸಿಬಿಟ್ಟಿದ್ದೆವು. ಅವಳನ್ನು ಕೇಳಿ ನಿರ್ಧರಿಸಿದ್ದೆವೇ ಎಂದರೆ, ಇಲ್ಲ. ಚಳಿಗಾಲದ ರಜೆಯಲ್ಲಿ ಮನೆಗೆ ಬಂದವಳು ಒಂದು ರಾತ್ರಿ ಊಟದ ಮೇಜಿನಲ್ಲಿ, ತಾನು ಗುರುತ್ವ ತರಂಗಗಳನ್ನು ಕುರಿತು ಸಂಶೋಧನೆ ಮಾಡುವುದಾಗಿ ತಿಳಿಸಿದಳು. ಆಗ ನಮ್ಮ ಬಾಯಿಂದ ಬಂದ ಮಾತು ಇದು: "ಅದರಿಂದ ಯಾರಿಗೇನು ಪ್ರಯೋಜನ?" ಅವಳು ಉತ್ತರಿಸಲಿಲ್ಲ. ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ಮರುದಿನ ಬೆಳಿಗ್ಗೆ ನಮ್ಮ ಕಾಫಿ ಲೋಟದ ಪಕ್ಕದಲ್ಲಿ ಹಳೆಯ ಸಂಶೋಧನಾ ಲೇಖನವೊಂದರ ಪ್ರತಿ ಇತ್ತು. 1970ರ 'ನೇಚರ್' ಪತ್ರಿಕೆಯದು. ಲೇಖಕರ ಹೆಸರು ಸಿ. ವಿ. ವಿಶ್ವೇಶ್ವರ. ಹೆಸರಿನ ಕೆಳಗೆ ಮಗಳು ಪೆನ್ಸಿಲಿನಿಂದ ಗೆರೆ ಎಳೆದು, "ಅಪ್ಪ, ಇವರು ನಿಮ್ಮ ಬೆಂಗಳೂರಿನವರು" ಎಂದು ಬರೆದಿದ್ದಳು.

ಆ ಹೆಸರು ನಮಗೆ ಪರಿಚಿತವೇ ಆಗಿತ್ತು. ನಾವು ಬೆಂಗಳೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ, 1989ರಲ್ಲಿ, ಹೈಗ್ರೌಂಡ್ಸ್‌ನ ಚೌಡಯ್ಯ ರಸ್ತೆಯಲ್ಲಿ ಜವಾಹರಲಾಲ್ ನೆಹರೂ ತಾರಾಲಯ ಪ್ರಾರಂಭವಾಯಿತು. ಅಂಗರಚನಾಶಾಸ್ತ್ರದ ಪರೀಕ್ಷೆ ಮುಗಿಸಿದ ದಿನ ಗೆಳೆಯರೊಡನೆ ಹೋಗಿ, ಒರಗು ಕುರ್ಚಿಯಲ್ಲಿ ಕುಳಿತು, ಗುಮ್ಮಟದ ಮೇಲೆ ಮೂಡಿದ ಇರುಳನ್ನು ಕನ್ನಡದ ವಿವರಣೆಯೊಡನೆ ನೋಡಿದ ನೆನಪು ಇಂದಿಗೂ ಹಸಿರಾಗಿದೆ. ಆ ತಾರಾಲಯದ ಸ್ಥಾಪಕ ನಿರ್ದೇಶಕರೇ ಈ ವಿಶ್ವೇಶ್ವರ. ನಾವು ಅವರನ್ನು ಮಕ್ಕಳಿಗೆ ನಕ್ಷತ್ರ ತೋರಿಸುವ ಸಜ್ಜನರೆಂದಷ್ಟೇ ತಿಳಿದಿದ್ದೆವು. ಅದಕ್ಕೆ ಸುಮಾರು ಎರಡು ದಶಕಗಳ ಹಿಂದೆ ಅವರು ಏನನ್ನು ಕಂಡುಹಿಡಿದಿದ್ದರು ಎಂಬುದು ನಮಗೆ ತಿಳಿದದ್ದು ಮೂವತ್ತಕ್ಕೂ ಹೆಚ್ಚು ವರ್ಷಗಳ ಅನಂತರ, ಅಮೆರಿಕೆಯಲ್ಲಿ ಹುಟ್ಟಿದ ಮಗಳಿಂದ. ಇಂದಿನ ಉಪನ್ಯಾಸ ಒಂದು ರೀತಿಯಲ್ಲಿ ಆ ಅಜ್ಞಾನಕ್ಕೆ ಸಲ್ಲಿಸುವ ತಪ್ಪುಕಾಣಿಕೆ.

ಮೊದಲು ನಮಗೆ ಗೊತ್ತಿರುವ ನೆಲದಿಂದಲೇ ಹೊರಡೋಣ. ಊರಿನ ಸಂತೆಯಲ್ಲಿ ಅಜ್ಜಿಯರು ಮಡಕೆ ಕೊಳ್ಳುವುದನ್ನು ನೀವು ನೋಡಿರುತ್ತೀರಿ. ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು, ದನಿ ಕೇಳಿ, ಬಿರುಕು ಉಂಟೋ ಇಲ್ಲವೋ ಹೇಳುತ್ತಾರೆ. ಒಳಗನ್ನು ಕಣ್ಣಿನಿಂದ ಕಾಣಲಾಗದಿದ್ದರೆ ತಟ್ಟಿ ಕೇಳಬೇಕು. ವೈದ್ಯಶಾಸ್ತ್ರಕ್ಕೆ ಈ ಉಪಾಯವನ್ನು ತಂದವರು ಆಸ್ಟ್ರಿಯಾದ ಲಿಯೋಪೋಲ್ಡ್ ಔವೆನ್‌ಬ್ರುಗ್ಗರ್. ಅವರ ತಂದೆ ಛತ್ರ ನಡೆಸುತ್ತಿದ್ದರು. ಪೀಪಾಯಿಯನ್ನು ತಟ್ಟಿ ಒಳಗೆ ಮದ್ಯ ಎಲ್ಲಿಯವರೆಗಿದೆ ಎಂದು ತಿಳಿಯುವುದು ಅಂಥ ಮನೆಯ ವಾಡಿಕೆ. ಮಗ ವೈದ್ಯನಾಗಿ ರೋಗಿಗಳ ಎದೆಯನ್ನು ತಟ್ಟಿ ನೋಡಿ, ಒಳಗೆ ಗಾಳಿ ಇದೆಯೋ ನೀರು ತುಂಬಿದೆಯೋ ಎಂದು ದನಿಯಿಂದ ಗುರುತಿಸಿದರು. 1761ರಲ್ಲಿ ಚಿಕ್ಕ ಪುಸ್ತಕವೊಂದನ್ನು ಪ್ರಕಟಿಸಿದರು. ವೈದ್ಯಲೋಕ ಅದನ್ನು ಬಹುಮಟ್ಟಿಗೆ ಕಡೆಗಣಿಸಿತು. ನೆಪೋಲಿಯನ್ನನ ವೈದ್ಯ ಕಾರ್ವಿಸಾರ್ ಅದನ್ನು ಫ್ರೆಂಚ್ ಭಾಷೆಗೆ ತಂದು ಪ್ರಸಿದ್ಧಿಗೊಳಿಸಿದ್ದು 1808ರಲ್ಲಿ, 47 ವರ್ಷಗಳ ತರುವಾಯ. ಔವೆನ್‌ಬ್ರುಗ್ಗರ್ ಮರುವರ್ಷವೇ ತೀರಿಕೊಂಡರು. ನಾವು ರೆಸಿಡೆನ್ಸಿಯಲ್ಲಿದ್ದಾಗ ಎಷ್ಟೋ ರಾತ್ರಿ ರೋಗಿಯ ಬೆನ್ನನ್ನು ತಟ್ಟಿದ್ದೇವೆ. ಆ 47 ವರ್ಷಗಳನ್ನು ಒಮ್ಮೆಯೂ ನೆನೆದಿರಲಿಲ್ಲ. ಈ ಸಂಖ್ಯೆಯನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

ಈಗ ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತಕ್ಕೆ ಬರೋಣ. ನ್ಯೂಟನ್ನರ ಪ್ರಕಾರ ಸೂರ್ಯನು ಭೂಮಿಯನ್ನು ಎಳೆಯುತ್ತಾನೆ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ಬೇರೆಯ ಚಿತ್ರವನ್ನು ಕೊಟ್ಟರು. ಸೂರ್ಯನ ದ್ರವ್ಯರಾಶಿಯು ತನ್ನ ಸುತ್ತಲಿನ ದೇಶ ಮತ್ತು ಕಾಲಗಳನ್ನೇ ಬಾಗಿಸುತ್ತದೆ. ಭೂಮಿ ಆ ಬಾಗಿದ ದೇಶಕಾಲದಲ್ಲಿ ತನ್ನ ಮಟ್ಟಿಗೆ ನೇರವಾದ ದಾರಿಯಲ್ಲೇ ಸಾಗುತ್ತದೆ. ಇದು ಒಗಟಿನಂತೆ ಕಂಡರೆ, ನಾವು ಊರಿಗೆ ಹೋಗುವ ವಿಮಾನವನ್ನು ನೆನೆಯಿರಿ. ಎದುರಿನ ಪರದೆಯ ನಕ್ಷೆಯಲ್ಲಿ ನಮ್ಮ ದಾರಿ ಉತ್ತರಕ್ಕೆ ಬಳಸಿಕೊಂಡು ಬಿಲ್ಲಿನಂತೆ ಬಾಗಿ ಹೋಗುವುದು ಕಾಣುತ್ತದೆ. ಪೈಲಟ್ ಸುತ್ತುದಾರಿ ಹಿಡಿದಿಲ್ಲ. ಗುಂಡಾದ ಭೂಮಿಯ ಮೇಲೆ ಅದೇ ಅತ್ಯಂತ ಹತ್ತಿರದ ದಾರಿ. ಬಾಗಿರುವುದು ಭೂಮಿಯೇ ಹೊರತು ದಾರಿಯಲ್ಲ.

ಈ ಸಿದ್ಧಾಂತದಿಂದ ಎರಡು ವಿಚಿತ್ರ ಫಲಗಳು ಹೊರಟವು. ಒಂದು, ಭಾರವಾದ ಕಾಯಗಳು ವೇಗವಾಗಿ ಸುತ್ತಾಡಿದರೆ ದೇಶಕಾಲದಲ್ಲಿ ಅಲೆಗಳು ಏಳಬೇಕು. ಇವೇ ಗುರುತ್ವ ತರಂಗಗಳು. 1916ರಲ್ಲಿ ಐನ್‌ಸ್ಟೈನ್ ಇವನ್ನು ಸೂಚಿಸಿದರು. 1936ರಲ್ಲಿ ಅವರೇ ಸಂದೇಹಪಟ್ಟು, ಇಂಥ ತರಂಗಗಳಿಲ್ಲವೆಂದು ಲೇಖನ ಬರೆದರು. ಪತ್ರಿಕೆಯವರು ಅದನ್ನು ಮತ್ತೊಬ್ಬ ತಜ್ಞರ ಪರಿಶೀಲನೆಗೆ ಕಳುಹಿಸಿದ್ದಕ್ಕೆ ಕೋಪಿಸಿಕೊಂಡು ಲೇಖನವನ್ನು ಹಿಂದಕ್ಕೆ ಪಡೆದರು. ಆಮೇಲೆ ತಪ್ಪು ತಿಳಿದು ತಿದ್ದಿಕೊಂಡು ಬೇರೆ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಪರೀಕ್ಷೆಯಲ್ಲಿ ತಪ್ಪು ಮಾಡಿ ಅಳುವ ಮಕ್ಕಳು ಇದನ್ನು ಗಮನಿಸಬೇಕು.

ಎರಡನೆಯ ಫಲವೇ ಕಪ್ಪುಕುಳಿ. ಐನ್‌ಸ್ಟೈನರ ಸಮೀಕರಣಗಳಿಗೆ ಮೊದಲ ನಿಖರ ಉತ್ತರವನ್ನು ಕೊಟ್ಟವರು ಜರ್ಮನಿಯ ಕಾರ್ಲ್ ಶ್ವಾರ್ಟ್ಸ್‌ಶೀಲ್ಡ್. ಅವರು ಆಗ ಮೊದಲ ಮಹಾಯುದ್ಧದ ರಷ್ಯಾ ರಣರಂಗದಲ್ಲಿ ಸೈನಿಕರಾಗಿದ್ದರು. ಅಲ್ಲಿಯೇ ಅವರಿಗೆ ಪೆಂಫಿಗಸ್ ಎಂಬ ರೋಗ ತಗುಲಿತು. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಮೇಲೆ ತಿರುಗಿಬಿದ್ದು ಮೈಮೇಲೆಲ್ಲ ನೀರ್ಗುಳ್ಳೆ ಏಳುವ ಕ್ರೂರ ವ್ಯಾಧಿ ಅದು. ಇಂದು ನಮ್ಮಲ್ಲಿ ಸ್ಟೀರಾಯ್ಡ್ ಇದೆ, ಬೇರೆ ಔಷಧಿಗಳೂ ಇವೆ. ಅಂದು ಏನೂ ಇರಲಿಲ್ಲ. 1916ರ ಮೇ ತಿಂಗಳಲ್ಲಿ, 42ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಗಣಿತದ ಅರ್ಥ ಇದು: ಯಾವುದೇ ವಸ್ತುವನ್ನು ಒಂದು ಮಿತಿಗಿಂತ ಕಿರಿದಾಗಿ ಒತ್ತಿದರೆ ಅದರಿಂದ ಬೆಳಕೂ ಹೊರಬರಲಾರದು. ಸೂರ್ಯನಿಗೆ ಆ ಮಿತಿ ಮೂರು ಕಿಲೋಮೀಟರ್ ತ್ರಿಜ್ಯ. ಇಡೀ ಭೂಮಿಗೆ ಒಂಬತ್ತು ಮಿಲಿಮೀಟರ್, ಅಂದರೆ ಒಂದು ಗೋಲಿಯ ಗಾತ್ರ. ಬೆಳಕು ಮರಳಲಾರದ ಆ ಗಡಿಗೆ ಘಟನಾ ದಿಗಂತವೆಂದು ಹೆಸರು.

ಬಹುಕಾಲದವರೆಗೆ ಇದು ಕೇವಲ ಕಾಗದದ ಮೇಲಿನ ಲೆಕ್ಕವಾಗಿತ್ತು. 'ಬ್ಲ್ಯಾಕ್ ಹೋಲ್' ಎಂಬ ಹೆಸರು ಕೂಡ ಜಾನ್ ವೀಲರರಿಂದ ಪ್ರಚಾರಕ್ಕೆ ಬಂದದ್ದು 1967ರಲ್ಲಿ. ಆ ಕಾಲದಲ್ಲಿಯೇ ಅಮೆರಿಕೆಯಲ್ಲಿ ಒಬ್ಬ ಕನ್ನಡಿಗ ವಿದ್ಯಾರ್ಥಿ ಈ ಹೆಸರಿಲ್ಲದ ವಸ್ತುವಿನ ಬೆನ್ನು ಹತ್ತಿದ್ದರು.

ವಿಶ್ವೇಶ್ವರ ಅವರು ಹುಟ್ಟಿದ್ದು 1938ರ ಮಾರ್ಚ್ 6ರಂದು, ಬೆಂಗಳೂರಿನಲ್ಲಿ. ತಂದೆ ಕನ್ನಡದ ಲೇಖಕರಾದ ಸಿ. ಕೆ. ವೆಂಕಟರಾಮಯ್ಯನವರು. ಮಗ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಓದಿ, ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಬಂದು, ಅಲ್ಲಿಂದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾದರು. ಅವರ ಮುಂದಿದ್ದ ಪ್ರಶ್ನೆ ಸರಳ: ಈ ವಸ್ತುವನ್ನು ಸ್ವಲ್ಪ ಅಲುಗಿಸಿದರೆ ಏನಾಗುತ್ತದೆ? ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸಬಹುದೆಂದು ಗಣಿತ ಹೇಳುತ್ತದೆ. ಆದರೆ ಹಾಗೆ ನಿಂತ ಪೆನ್ಸಿಲನ್ನು ಯಾರೂ ಕಂಡಿಲ್ಲ, ಏಕೆಂದರೆ ಉಸಿರು ತಾಕಿದರೂ ಬೀಳುತ್ತದೆ. ಕಪ್ಪುಕುಳಿಯೂ ಹಾಗೆಯೇ ಆಗಿದ್ದರೆ ಪ್ರಕೃತಿಯಲ್ಲಿ ಅದು ಇರಲು ಸಾಧ್ಯವೇ ಇಲ್ಲ. 1957ರಲ್ಲಿ ರೆಜ್ಜೆ ಮತ್ತು ವೀಲರ್ ಆರಂಭಿಸಿದ್ದ ಈ ವಿಚಾರವನ್ನು ವಿಶ್ವೇಶ್ವರ ಮುಂದಕ್ಕೆ ಒಯ್ದು, ಶ್ವಾರ್ಟ್ಸ್‌ಶೀಲ್ಡರ ಕಪ್ಪುಕುಳಿ ಸ್ಥಿರವಾದದ್ದೆಂದು ತೋರಿಸಿದರು. ಅಲುಗಿಸಿದರೆ ಅದು ಒಡೆಯದು, ಹುಚ್ಚೆದ್ದು ಬೆಳೆಯದು. ಮತ್ತೆ ಶಾಂತವಾಗುತ್ತದೆ.

ಹಾಗಾದರೆ ಹೇಗೆ ಶಾಂತವಾಗುತ್ತದೆ? ಇಲ್ಲಿದೆ ಆ 1970ರ ಲೇಖನದ ಸ್ವಾರಸ್ಯ. ಅವರು ಲೆಕ್ಕದಲ್ಲಿಯೇ ಗುರುತ್ವ ತರಂಗದ ಒಂದು ಕಟ್ಟನ್ನು ಕಪ್ಪುಕುಳಿಯ ಮೇಲೆ ಬಿಟ್ಟು, ಹಿಂದಕ್ಕೆ ಏನು ಬರುತ್ತದೆ ಎಂದು ನೋಡಿದರು. ಅಜ್ಜಿ ಮಡಕೆಯನ್ನು ತಟ್ಟಿದ ಹಾಗೆ. ಅಗಲವಾದ ಅಲೆ ಬಿಟ್ಟಾಗ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಕಿರಿದಾಗಿಸುತ್ತ, ಕಪ್ಪುಕುಳಿಯ ಗಾತ್ರಕ್ಕೆ ಸಮನಾಗಿಸಿದಾಗ, ಒಂದು ನಿಶ್ಚಿತ ಕಂಪನ ಹೊರಬಂದು ಕ್ರಮೇಣ ಕ್ಷೀಣಿಸಿತು. ಯಾವ ಆಕಾರದ ಅಲೆಯಿಂದ ತಟ್ಟಿದರೂ ಅದೇ ಸ್ವರ! ಮರದ ಕೊಡತಿಯಿಂದ ಹೊಡೆಯಿರಿ, ಕಬ್ಬಿಣದ ನಾಲಗೆಯಿಂದ ಹೊಡೆಯಿರಿ, ಘಂಟೆಯ ಸ್ವರ ಘಂಟೆಗೇ ಸೇರಿದ್ದು. ಹಾಗೆಯೇ ಈ ಸ್ವರ ಕಪ್ಪುಕುಳಿಯ ಸ್ವಂತದ್ದು. ಸ್ವರದ ಎತ್ತರ ಮತ್ತು ಅದು ಅಡಗುವ ವೇಗ, ಈ ಎರಡನ್ನು ಅಳೆದರೆ ಕಪ್ಪುಕುಳಿಯ ತೂಕವೂ ಅದರ ಸುತ್ತುವಿಕೆಯೂ ತಿಳಿಯುತ್ತವೆ. ಆದರೆ ಇದು ದೇವಸ್ಥಾನದ ಘಂಟೆಯಂತೆ ಬಹುಹೊತ್ತು ಮೊಳಗದು. ಶಕ್ತಿಯ ಒಂದು ಪಾಲು ಹೊರಗೆ ಹರಿದು, ಇನ್ನೊಂದು ಪಾಲು ಕುಳಿಯೊಳಗೇ ಬಿದ್ದು, ಕೆಲವೇ ಕಂಪನಗಳಲ್ಲಿ ಅಡಗುತ್ತದೆ.

ಮುಂದೆ ಚಂದ್ರಶೇಖರ್ ಅವರಂಥ ಮಹಾನುಭಾವರೂ ಈ ಸ್ವರಗಳ ಲೆಕ್ಕಕ್ಕೆ ಕೈಹಾಕಿದರು. ಆದರೂ ಅದು ಲೆಕ್ಕವೇ. ತರಂಗಗಳನ್ನು ಹಿಡಿಯುವ ಯಂತ್ರ ಎಲ್ಲಿತ್ತು? ಮೇರಿಲ್ಯಾಂಡಿನಲ್ಲಿಯೇ ಜೋಸೆಫ್ ವೆಬರ್ ದೊಡ್ಡ ಅಲ್ಯೂಮಿನಿಯಂ ದಿಮ್ಮಿಗಳನ್ನು ತೂಗುಹಾಕಿ, 1969ರಲ್ಲಿ ತರಂಗಗಳನ್ನು ಕಂಡೆನೆಂದು ಸಾರಿದರು. ಇತರರು ಮಾಡಿ ನೋಡಿದಾಗ ಏನೂ ಸಿಗಲಿಲ್ಲ. 1974ರಲ್ಲಿ ಹಲ್ಸ್ ಮತ್ತು ಟೇಲರ್ ಒಂದನ್ನೊಂದು ಸುತ್ತುವ ಎರಡು ನ್ಯೂಟ್ರಾನ್ ತಾರೆಗಳನ್ನು ಪತ್ತೆ ಮಾಡಿದರು. ಅವು ತರಂಗಗಳ ಮೂಲಕ ಶಕ್ತಿ ಕಳೆದುಕೊಂಡು ಸಿದ್ಧಾಂತ ಹೇಳಿದಷ್ಟೇ ಪ್ರಮಾಣದಲ್ಲಿ ಹತ್ತಿರವಾಗುತ್ತಿರುವುದು ವರ್ಷಗಳ ವೀಕ್ಷಣೆಯಿಂದ ಖಚಿತವಾಯಿತು. ಅದಕ್ಕೆ 1993ರಲ್ಲಿ ನೊಬೆಲ್ ಬಂತು. ಆದರೆ ಇದು ನಾಡಿ ನೋಡಿ ಜ್ವರ ಹೇಳಿದಂತೆ ಪರೋಕ್ಷ ಸಾಕ್ಷ್ಯ. ಎದೆಗೆ ಕಿವಿಗೊಟ್ಟು ಕೇಳಿದ್ದಲ್ಲ.

ಆ ಕಿವಿಯೇ ಲೈಗೋ. ರೈನರ್ ವೈಸ್, ಕಿಪ್ ಥಾರ್ನ್, ರೊನಾಲ್ಡ್ ಡ್ರೆವರ್, ಬ್ಯಾರಿ ಬ್ಯಾರಿಷ್ ಹಾಗೂ ಸಾವಿರಾರು ಜನರ ದಶಕಗಳ ದುಡಿಮೆಯ ಫಲ. ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡಿನಲ್ಲಿ ಒಂದು, ಲೂಸಿಯಾನಾದ ಲಿವಿಂಗ್‌ಸ್ಟನ್ನಿನಲ್ಲಿ ಒಂದು, ನಡುವೆ 3000 ಕಿಲೋಮೀಟರ್. ಲಿವಿಂಗ್‌ಸ್ಟನ್ ನಮ್ಮ ಊರಿನಿಂದ ಕಾರಿನಲ್ಲಿ ಐದು ಗಂಟೆಯ ದಾರಿ. ಆ ಊಟದ ಮೇಜಿನ ಮಾತಿನ ನಂತರ ಮನೆಯಲ್ಲಿ ಕವಿದಿದ್ದ ಮೌನವನ್ನು ಮುರಿಯಲು ನಮ್ಮ ಶ್ರೀಮತಿಯವರೇ ಸೂಚಿಸಿದರು, "ಹೋಗಿ ನೋಡಿಕೊಂಡಾದರೂ ಬನ್ನಿ." ಸಾರ್ವಜನಿಕರಿಗೆ ಪ್ರವೇಶವಿರುವ ಒಂದು ಶನಿವಾರ, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಮೂವರೂ ಹೊರಟೆವು.

ಪೈನ್ ಮರಗಳ ಕಾಡಿನ ನಡುವೆ ಸಮಕೋನದಲ್ಲಿ ಚಾಚಿದ ಎರಡು ತೋಳುಗಳು. ಒಂದೊಂದೂ ನಾಲ್ಕು ಕಿಲೋಮೀಟರ್ ಉದ್ದ. ಒಳಗೆ ಗಾಳಿ ತೆಗೆದ ಕೊಳವೆ. ತುದಿಗಳಲ್ಲಿ 40 ಕಿಲೋಗ್ರಾಂ ತೂಕದ ಕನ್ನಡಿಗಳು, ಗಾಜಿನ ಎಳೆಗಳಿಂದ ತೂಗಾಡುತ್ತವೆ. ಒಂದೇ ಲೇಸರ್ ಕಿರಣವನ್ನು ಇಬ್ಭಾಗ ಮಾಡಿ ಎರಡು ತೋಳುಗಳಿಗೂ ಕಳುಹಿಸಿ, ಮರಳಿ ಬಂದಾಗ ಹೋಲಿಸುತ್ತಾರೆ. ಗುರುತ್ವ ತರಂಗ ಹಾದುಹೋದರೆ ಒಂದು ತೋಳು ಹಿಗ್ಗಿ ಇನ್ನೊಂದು ಕುಗ್ಗುತ್ತದೆ. ಎಷ್ಟು? ಪರಮಾಣುವಿನ ಗರ್ಭದಲ್ಲಿರುವ ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಮೊದಲ ವರ್ಷಗಳಲ್ಲಿ ಸುತ್ತಲ ಕಾಡಿನಲ್ಲಿ ಮರ ಕಡಿಯುವ ಸದ್ದಿನಿಂದಲೇ ಹಗಲಿನಲ್ಲಿ ಯಂತ್ರ ನಡೆಸಲು ಆಗುತ್ತಿರಲಿಲ್ಲವಂತೆ. ನೆಲದ ನಡುಕವನ್ನು ತಡೆಯುವ ಏರ್ಪಾಟು ಮಾಡಿದ ಮೇಲೆ ತೊಂದರೆ ತಗ್ಗಿತು. ಗದ್ದಲದ ವಾರ್ಡಿನಲ್ಲಿ ಹೃದಯದ ಸಣ್ಣ ಮರ್ಮರವನ್ನು ಹುಡುಕಿದವರಿಗೆ ಆ ಕಷ್ಟ ಅರ್ಥವಾಗುತ್ತದೆ.

2015ರ ಸೆಪ್ಟೆಂಬರ್ 14. ಲೂಸಿಯಾನಾದಲ್ಲಿ ಬೆಳಗಿನ ಜಾವ 4 ಗಂಟೆ 50 ನಿಮಿಷ. ವಿಧ್ಯುಕ್ತ ವೀಕ್ಷಣೆ ಇನ್ನೂ ಆರಂಭವಾಗಿರಲಿಲ್ಲ. ಮೊದಲು ಲಿವಿಂಗ್‌ಸ್ಟನ್, ಸೆಕೆಂಡಿನ ಸಾವಿರದ ಏಳು ಪಾಲು ತಡವಾಗಿ ಹ್ಯಾನ್‌ಫರ್ಡ್, ಎರಡೂ ಕಡೆ ಒಂದೇ ಅಲೆ. ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಕಂಪನ 35ರಿಂದ 250ಕ್ಕೆ ಏರಿ ನಿಂತುಹೋಯಿತು. 130 ಕೋಟಿ ಜ್ಯೋತಿರ್ವರ್ಷಗಳಾಚೆ, ಒಂದು 36 ಸೂರ್ಯರಷ್ಟು, ಇನ್ನೊಂದು 29 ಸೂರ್ಯರಷ್ಟು ತೂಕದ ಎರಡು ಕಪ್ಪುಕುಳಿಗಳು ಒಂದಾಗಿದ್ದವು. ಉಳಿದದ್ದು 62. ಮಿಕ್ಕ ಮೂರು ಸೂರ್ಯರಷ್ಟು ದ್ರವ್ಯ ತರಂಗವಾಗಿ ಹರಿದುಹೋಯಿತು. ಅಲೆಯ ಬಾಲದಲ್ಲಿ, ಹೊಸದಾಗಿ ಹುಟ್ಟಿದ ಕಪ್ಪುಕುಳಿ ಸೆಕೆಂಡಿಗೆ ಸುಮಾರು 250 ಸಲ ಕಂಪಿಸಿ, ಸೆಕೆಂಡಿನ ಸಾವಿರದ ನಾಲ್ಕು ಪಾಲಿನ ಆಸುಪಾಸಿನಲ್ಲಿ ಕ್ಷೀಣಿಸಿತು. ಹಾರ್ಮೋನಿಯಂ ಪೆಟ್ಟಿಗೆಯ ನಡುಭಾಗದ ಒಂದು ಮನೆಯನ್ನು ಒತ್ತಿ ಕೂಡಲೇ ಕೈ ತೆಗೆದಂತೆ. ಬೆಂಗಳೂರಿನ ಹುಡುಗ ಕಾಗದದ ಮೇಲೆ ಕೇಳಿಸಿಕೊಂಡಿದ್ದ ದನಿ ಅದು.

1970ರಿಂದ 2015, ಅಂದರೆ 45 ವರ್ಷ. ಔವೆನ್‌ಬ್ರುಗ್ಗರರ 47 ವರ್ಷಗಳನ್ನು ನೆನೆಯಿರಿ. 2016ರ ಫೆಬ್ರವರಿ 11ರಂದು ಈ ಸುದ್ದಿ ಪ್ರಕಟವಾದಾಗ ವಿಶ್ವೇಶ್ವರ ಅವರು ಬದುಕಿದ್ದರು, ವಯಸ್ಸು 77. ಮರುವರ್ಷ, 2017ರ ಜನವರಿ 16ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ವೈಸ್, ಬ್ಯಾರಿಷ್ ಮತ್ತು ಥಾರ್ನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

ಅಂದು ಕೇಳಿದ ದನಿ ಬಹಳ ಕ್ಷೀಣವಾಗಿತ್ತು. ಸ್ವರ ಇತ್ತು, ಆದರೆ ಅದರ ಶ್ರುತಿಶುದ್ಧಿಯನ್ನು ಪರೀಕ್ಷಿಸುವಷ್ಟು ಸ್ಪಷ್ಟವಾಗಿರಲಿಲ್ಲ. 2025ರ ಜನವರಿ 14ರಂದು ಇನ್ನೊಂದು ಅಲೆ ಬಂದಿತು. ಈ ಸಲ 33 ಮತ್ತು 32 ಸೂರ್ಯರ ಆಸುಪಾಸಿನ ಜೋಡಿ, ದೂರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ದನಿ ಮೊದಲಿಗಿಂತ ಮೂರು ಪಟ್ಟು ಸ್ಪಷ್ಟ. ರೋಗಿ ಅಂಥವನೇ, ಸ್ಟೆತಾಸ್ಕೋಪ್ ಸುಧಾರಿಸಿತ್ತು! ಆ ವರ್ಷದ ಸೆಪ್ಟೆಂಬರಿನಲ್ಲಿ ಫಲಿತಾಂಶ ಹೊರಬಿತ್ತು. ಹೊಸ ಕಪ್ಪುಕುಳಿಯ ಮೂಲ ಸ್ವರ ಮತ್ತು ಅದರ ಜೊತೆಗೇ ಬೇಗ ಅಡಗುವ ಉಪಸ್ವರ, ಎರಡೂ ಕೇಳಿಸಿದವು. ಸುತ್ತುವ ಕಪ್ಪುಕುಳಿಗೆ ನ್ಯೂಜಿಲೆಂಡಿನ ರಾಯ್ ಕೆರ್ 1963ರಲ್ಲಿ ಬರೆದ ಗಣಿತಕ್ಕೆ ಅವು ಹೊಂದಿಕೊಂಡವು. ಮಡಕೆಯಲ್ಲಿ ಬಿರುಕಿಲ್ಲ.

ಅದೇ ಅಲೆಯಿಂದ ಇನ್ನೊಂದು ಪರೀಕ್ಷೆಯೂ ನಡೆಯಿತು. 1971ರಲ್ಲಿ ಸ್ಟೀಫನ್ ಹಾಕಿಂಗ್ ಒಂದು ನಿಯಮವನ್ನು ಹೇಳಿದ್ದರು: ಕಪ್ಪುಕುಳಿಗಳು ಸೇರಿದಾಗ ಘಟನಾ ದಿಗಂತಗಳ ಒಟ್ಟು ವಿಸ್ತೀರ್ಣ ಎಂದೂ ಕಡಿಮೆಯಾಗದು. ತೂಕ ಕಳೆದುಹೋಗಬಹುದು, ವಿಸ್ತೀರ್ಣ ಕುಗ್ಗಬಾರದು. ಸೇರುವ ಮುನ್ನ ಎರಡರ ಒಟ್ಟು ವಿಸ್ತೀರ್ಣ ಸುಮಾರು 2,40,000 ಚದರ ಕಿಲೋಮೀಟರ್, ಸೇರಿದ ಮೇಲೆ ಸುಮಾರು 4,00,000. ಅಂದರೆ ಆರೆಗಾನ್ ರಾಜ್ಯದಷ್ಟಿದ್ದದ್ದು ಕ್ಯಾಲಿಫೋರ್ನಿಯಾದಷ್ಟಾಯಿತು. ಹಾಕಿಂಗ್ 2018ರಲ್ಲಿಯೇ ತೀರಿಹೋಗಿದ್ದರು. ಅವರ ಲೆಕ್ಕಕ್ಕೆ ಇಷ್ಟು ದೃಢವಾದ ಸಾಕ್ಷ್ಯ ದೊರಕಿದ್ದನ್ನು ಅವರು ಕಾಣಲಿಲ್ಲ.

ಐನ್‌ಸ್ಟೈನರ ಸಿದ್ಧಾಂತಕ್ಕೆ ಪ್ರತಿಸ್ಪರ್ಧಿಗಳೇ ಇಲ್ಲವೇ ಎಂದು ಕೇಳಬಹುದು. ಬೇಕಾದಷ್ಟು ಇವೆ. ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿರುವುದು 1998ರಲ್ಲಿ ತಿಳಿದ ಮೇಲೆ, ಅದನ್ನು ವಿವರಿಸಲು ಗುರುತ್ವದ ನಿಯಮವನ್ನೇ ಬದಲಿಸಿದ ಹಲವು ಸಿದ್ಧಾಂತಗಳು ಹುಟ್ಟಿದವು. ಅವುಗಳಲ್ಲಿ ಕೆಲವು, ಗುರುತ್ವ ತರಂಗದ ವೇಗ ಬೆಳಕಿನ ವೇಗಕ್ಕಿಂತ ಬೇರೆಯೆಂದು ಹೇಳುತ್ತಿದ್ದವು. 2017ರ ಆಗಸ್ಟ್ 17ರಂದು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆದುಕೊಂಡವು. ತರಂಗ ತಲುಪಿದ 1.7 ಸೆಕೆಂಡಿನಲ್ಲಿ ಗಾಮಾ ಕಿರಣವೂ ತಲುಪಿತು. ಹದಿಮೂರು ಕೋಟಿ ವರ್ಷ ಓಡಿದ ಇಬ್ಬರ ನಡುವೆ ಎರಡು ಸೆಕೆಂಡಿನ ಅಂತರವೂ ಇಲ್ಲ! ಅಂಥ ಅನೇಕ ಸಿದ್ಧಾಂತಗಳು ಒಂದೇ ದಿನ ನೆಲಕಚ್ಚಿದವು. ಆ ಸ್ಫೋಟದ ಬೆಳಕನ್ನು ವಿಶ್ಲೇಷಿಸಿ, ಚಿನ್ನದಂಥ ಭಾರಲೋಹಗಳು ಇಂಥ ಡಿಕ್ಕಿಗಳಲ್ಲಿ ತಯಾರಾಗುತ್ತವೆ ಎಂದೂ ತಿಳಿದರು. ಇಲ್ಲಿರುವ ಸೋದರಿಯರ ಬಳೆಗಳ ಚಿನ್ನದಲ್ಲೂ ಅಂಥ ಡಿಕ್ಕಿಯ ಪಾಲು ಇರಬಹುದು.

ಹಾಗೆಂದು ಎಲ್ಲವೂ ಮುಗಿಯಲಿಲ್ಲ. ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬುದಕ್ಕೆ ಒಂದು ವಿಧಾನ 67 ಎಂದು, ಇನ್ನೊಂದು 73 ಎಂದು ಉತ್ತರ ಕೊಡುತ್ತದೆ. ಒಬ್ಬನೇ ರೋಗಿಗೆ ಎರಡು ಪ್ರಯೋಗಾಲಯಗಳು ಎರಡು ವರದಿ ಕೊಟ್ಟಂತೆ. ಆ ನ್ಯೂಟ್ರಾನ್ ತಾರೆಗಳ ಅಲೆ ಕೊಟ್ಟ ಮೂರನೆಯ ಉತ್ತರ 70. ಆದರೆ ಅದರ ಅನಿಶ್ಚಿತತೆ ಎರಡನ್ನೂ ಒಳಗೊಳ್ಳುವಷ್ಟು ಅಗಲ. ಇಂಥ ಇನ್ನೂ ಅನೇಕ ಡಿಕ್ಕಿಗಳನ್ನು ಕೇಳಿದರೆ ಮಾತ್ರ ತೀರ್ಪು ಸಾಧ್ಯ. ಭಾರತದಲ್ಲಿಯೂ ಇಂಥ ಕಿವಿಯೊಂದು ಏಳಲಿದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಲೈಗೋ-ಇಂಡಿಯಾ ಯೋಜನೆಗೆ 2023ರ ಏಪ್ರಿಲಿನಲ್ಲಿ ಕೇಂದ್ರ ಸಚಿವ ಸಂಪುಟ 2600 ಕೋಟಿ ರೂಪಾಯಿಗಳ ಒಪ್ಪಿಗೆ ಕೊಟ್ಟಿತು. ಇತ್ತ ಅಮೆರಿಕೆಯಲ್ಲಿ, ಕಪ್ಪುಕುಳಿಯ ಸ್ವರ ಅಷ್ಟು ಸ್ಪಷ್ಟವಾಗಿ ಕೇಳಿದ 2025ರಲ್ಲಿಯೇ, ಸರ್ಕಾರದ ಮುಂಗಡಪತ್ರದ ಪ್ರಸ್ತಾವದಲ್ಲಿ ಎರಡು ಲೈಗೋ ಕೇಂದ್ರಗಳಲ್ಲಿ ಒಂದನ್ನು ನಿಲ್ಲಿಸುವ ಮಾತಿತ್ತು. ಒಂದು ಕಿವಿ ಮುಚ್ಚಿದವನಿಗೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯದು. ಕೇಳಿದ್ದು ನಿಜವೋ ಭ್ರಮೆಯೋ ಎಂದು ಕೇಳಲು ಜೊತೆಗಾರನೂ ಇರುವುದಿಲ್ಲ. ಆ ಸುದ್ದಿಯನ್ನು ಓದಿದಾಗ ನಮಗೆ ನಮ್ಮದೇ ಮಾತು ಕೇಳಿಸಿತು: ಅದರಿಂದ ಯಾರಿಗೇನು ಪ್ರಯೋಜನ?

ಈ ಮಾತನ್ನು ಎದೆ ಮುಟ್ಟಿಕೊಂಡು ವಿಚಾರಿಸೋಣ. ನಾವು ಈ ದೇಶಕ್ಕೆ ಎರಡು ಪೆಟ್ಟಿಗೆ ಹಿಡಿದು ಬಂದವರು. ಊರಿನಲ್ಲಿ ತಂದೆತಾಯಿಯರನ್ನು ಬಿಟ್ಟು ಬಂದದ್ದಕ್ಕೆ ಪ್ರತಿಯಾಗಿ ಏನಾದರೂ ಕೈಗೆ ಸಿಗುವಂಥದ್ದನ್ನು ತೋರಿಸಬೇಕೆಂಬ ಒತ್ತಡ ನಮಗಿತ್ತು. ಪ್ರಯೋಜನದ ಲೆಕ್ಕ ನಮ್ಮನ್ನು ಬದುಕಿಸಿತು, ಅದನ್ನು ನಾವು ಹೀನವೆನ್ನುವುದಿಲ್ಲ. ಆದರೆ ಅದೇ ತಕ್ಕಡಿಯಲ್ಲಿ ಮಕ್ಕಳನ್ನೂ ತೂಗಲು ಹೊರಟದ್ದು ನಮ್ಮ ತಪ್ಪು. 1960ರ ದಶಕದ ವಿಶ್ವೇಶ್ವರರನ್ನು ನೆನೆಯಿರಿ. ಹೆಸರೂ ಗಟ್ಟಿಯಾಗಿಲ್ಲದ, ಇದೆಯೋ ಇಲ್ಲವೋ ತಿಳಿಯದ ವಸ್ತುವನ್ನು ಲೆಕ್ಕದಲ್ಲಿ ಅಲುಗಿಸುತ್ತ ಕುಳಿತ ಯುವಕ. ಇಲ್ಲಿನ ಯಾವ ತಂದೆ ತನ್ನ ಮಗನಿಗೆ ಅದನ್ನು ಮಾಡೆಂದು ಹೇಳಿಯಾನು? ಅವರು 1976ರಲ್ಲಿ ಭಾರತಕ್ಕೆ ಮರಳಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯನ್ನು, ಆಮೇಲೆ ಭಾರತೀಯ ಖಭೌತ ಸಂಸ್ಥೆಯನ್ನು ಸೇರಿದರು. ವ್ಯಂಗ್ಯಚಿತ್ರ ಬರೆದರು, ವಿನೋದದ ಪುಸ್ತಕ ಬರೆದರು, ಊರಿನ ಮಕ್ಕಳಿಗೆ ತಾರಾಲಯ ಕಟ್ಟಿ ಬೆಳೆಸಿದರು. ತಾವು ತಟ್ಟಿದ ಮಡಕೆಯ ದನಿಗಾಗಿ ಅವರು ಬದುಕನ್ನು ನಿಲ್ಲಿಸಿ ಕಾದು ಕುಳಿತಿರಲಿಲ್ಲ.

ನಮ್ಮ ಮಗಳು ಈಗ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನಮ್ಮ ಚಿಂತೆ ಮಾಯವಾಗಿದೆ ಎಂದು ಹೇಳಿದರೆ ಸುಳ್ಳಾದೀತು. ಅವಳಿಗೆ ಕೆಲಸ ಸಿಗುವುದೇ, ಅವಳ ಪ್ರಯೋಗಕ್ಕೆ ಹಣ ಉಳಿಯುವುದೇ ಎಂದು ರಾತ್ರಿ ಎಚ್ಚರವಾಗುವುದುಂಟು. ಲಿವಿಂಗ್‌ಸ್ಟನ್ನಿನಿಂದ ಹಿಂದಿರುಗುವಾಗ ಕಾರಿನಲ್ಲಿ ನಾವು ಅವಳನ್ನು ಕೇಳಿದೆವು, "ನೀನು ಮಾಡುವ ಲೆಕ್ಕಕ್ಕೆ ಉತ್ತರ ಯಾವಾಗ ಬರುತ್ತದೆ?" ಅವಳು ನಕ್ಕು, "ಗೊತ್ತಿಲ್ಲ ಅಪ್ಪ, ಆಗ ನಾನು ಇರುತ್ತೇನೋ ಇಲ್ಲವೋ" ಎಂದಳು. ಇಪ್ಪತ್ತೊಂದು ವರ್ಷದ ಮಗಳ ಬಾಯಿಂದ ಆ ಮಾತು ಕೇಳಿ ನಮ್ಮ ಶ್ರೀಮತಿಯವರು ಬಿಡ್ತು ಅನ್ನು ಎಂದು ಗದರಿದರು. ನಾವು ಮಾತ್ರ ಮತ್ತೆ ಪ್ರಯೋಜನದ ಪ್ರಶ್ನೆಯನ್ನು ಎತ್ತಲಿಲ್ಲ.

ಈ ಸಭೆಯಲ್ಲಿ ಕುಳಿತಿರುವ ತಂದೆತಾಯಿಯರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮಗನೋ ಮಗಳೋ ಊಟದ ಮೇಜಿನಲ್ಲಿ ನಿಮಗೆ ಅರ್ಥವಾಗದ ಒಂದು ಆಸೆಯನ್ನು ಹೇಳಿದರೆ, ಉತ್ತರ ಕೊಡುವ ಮುನ್ನ ಆ ಮಾತನ್ನು ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳಿ. ಟೊಳ್ಳಾಗಿದ್ದರೆ ದನಿಯೇ ತಿಳಿಸುತ್ತದೆ. ಗಟ್ಟಿಯಾಗಿದ್ದರೂ ದನಿಯೇ ತಿಳಿಸುತ್ತದೆ. ಬೇಸಿಗೆಯಲ್ಲಿ ಬೆಂಗಳೂರಿಗೆ ಹೋದಾಗ, ಅಂಗಡಿಗಳ ನಡುವೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಮಕ್ಕಳನ್ನು ಚೌಡಯ್ಯ ರಸ್ತೆಯ ಆ ತಾರಾಲಯಕ್ಕೆ ಕರೆದೊಯ್ಯಿರಿ. ಕನ್ನಡದ ಪ್ರದರ್ಶನಕ್ಕೇ ಟಿಕೆಟ್ ಕೊಳ್ಳಿ. ಅದನ್ನು ಕಟ್ಟಿದವರು ಯಾರೆಂದು, ಅವರು ಯಾವ ಘಂಟೆಯನ್ನು ತಟ್ಟಿದ್ದರೆಂದು ಅವರಿಗೆ ಹೇಳಿ. ನಮ್ಮಂತೆ ಮೂವತ್ತು ವರ್ಷ ತಡಮಾಡಬೇಡಿ.

 ಹೋಳಿಗೆ ಒಂದೇ ಸಾಕು ಎಂಬ ಸಲಹೆಯನ್ನು ವೈದ್ಯಧರ್ಮಕ್ಕಾಗಿ ಹೇಳಿ, ಪಾಲಿಸುವುದನ್ನು ನಿಮಗೇ ಬಿಟ್ಟು, ವಿರಮಿಸುತ್ತೇವೆ.